ಅನ್ನವೂ ಹಂಚುವ ಕೈಯೂ: ಕುಲಾಂತರಿ ಆಹಾರ ಬೆಳೆಗಳ ಕುರಿತ ಜನಾಭಿಪ್ರಾಯ ಮತ್ತು ಸಭೆಯ ಹೊಣೆ

ಸುಗ್ಗಿಯ ಹಬ್ಬದ ಭಾನುವಾರ ನಮ್ಮ ದೇವಾಲಯಗಳಲ್ಲಿ ವೇದಿಕೆಯ ಮುಂದೆ ಭತ್ತದ ತೆನೆ, ಬಾಳೆಗೊನೆ, ಕುಂಬಳ, ಬದನೆ, ತೆಂಗು ಎಲ್ಲವೂ ಕಾಣಿಕೆಯಾಗಿ ಬಂದು ಸೇರುತ್ತವೆ. ಆರಾಧನೆ ಮುಗಿದ ಮೇಲೆ ಅವುಗಳನ್ನು ಹರಾಜು ಹಾಕುವುದು ಹಲವು ಸಭೆಗಳ ರೂಢಿ. ಬೆಳೆದವನು ಕೃತಜ್ಞತೆಯಿಂದ ತಂದದ್ದನ್ನು ಇನ್ನೊಬ್ಬನು ನೂರು ರೂಪಾಯಿ ಹೆಚ್ಚೇ ಕೊಟ್ಟು ಸಂತೋಷದಿಂದ ಮನೆಗೆ ಒಯ್ಯುತ್ತಾನೆ. ಅದು ಯಾವ ಬೀಜದಿಂದ ಬಂದಿತು, ಯಾರ ಅಂಗಡಿಯಲ್ಲಿ ಕೊಂಡದ್ದು ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ವಿಚಾರಿಸಬೇಕಾದ ಅಗತ್ಯವೂ ಇಲ್ಲ. ತಂದವರನ್ನು ಕೊಳ್ಳುವವರು ಬಲ್ಲರು. ಆ ಪರಿಚಯವೇ ಅನ್ನದ ಮೇಲಿನ ಭರವಸೆಗೆ ಆಧಾರ.

ಈ ಪರಿಚಯವು ಕಡಿದುಹೋದ ಕಡೆ ಅನ್ನದ ಕುರಿತು ಸಂಶಯ ಹುಟ್ಟುತ್ತದೆ. ಕುಲಾಂತರಿ ಆಹಾರ ಬೆಳೆಗಳ ವಿಷಯದಲ್ಲಿ ನಮ್ಮ ದೇಶದಲ್ಲಿ ನಡೆದ, ಇಂದಿಗೂ ಮುಗಿಯದ ಚರ್ಚೆಯನ್ನು ನಾವು ಈ ದೃಷ್ಟಿಯಿಂದ ನೋಡಬಯಸುತ್ತೇವೆ. ಈ ಬೆಳೆಗಳು ಒಳ್ಳೆಯವೋ ಕೆಟ್ಟವೋ ಎಂಬ ತೀರ್ಪು ನೀಡುವುದು ಈ ಲೇಖನದ ಉದ್ದೇಶವಲ್ಲ. ಜನರು ಅವುಗಳ ಬಗ್ಗೆ ಏನು ಹೇಳುತ್ತಿದ್ದಾರೆ, ಆ ಮಾತನ್ನು ಸಭಾಪಾಲಕನು ಹೇಗೆ ಕೇಳಿಸಿಕೊಳ್ಳಬೇಕು, ಪ್ರಸಂಗಪೀಠದಿಂದ ಏನು ಹೇಳಬಹುದು, ಏನು ಹೇಳಬಾರದು ಎಂಬುದೇ ನಮ್ಮ ಪ್ರಶ್ನೆ.

ಬಿಟಿ ಬದನೆಯ ಪ್ರಕರಣ

ಚರ್ಚೆಗೆ ಹಿಡಿತ ಸಿಗಬೇಕಾದರೆ ಒಂದು ಪ್ರಕರಣವನ್ನು ಸರಿಯಾಗಿ ತಿಳಿದಿರಬೇಕು. ಬದನೆ ಬೆಳೆಯುವ ರೈತನಿಗೆ ಕುಡಿ ಮತ್ತು ಕಾಯಿ ಕೊರಕ ಹುಳುವೇ ದೊಡ್ಡ ಶತ್ರು. ಹುಳು ಕಾಯಿಯ ಒಳಗೆ ಸೇರಿಕೊಂಡ ಮೇಲೆ ಔಷಧಿ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ರೈತರು ಒಂದೇ ಹಂಗಾಮಿನಲ್ಲಿ ಹತ್ತಾರು ಬಾರಿ ಕೀಟನಾಶಕ ಸಿಂಪಡಿಸುವುದುಂಟು. ಇನ್ನೊಂದೆಡೆ, ಮಣ್ಣಿನಲ್ಲಿ ಸಹಜವಾಗಿ ವಾಸಿಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯವೊಂದಿದೆ. ಅದು ಉತ್ಪಾದಿಸುವ ಒಂದು ಬಗೆಯ ಪ್ರೋಟೀನು ಮರಿಹುಳುಗಳ ಕ್ಷಾರೀಯ ಕರುಳಿನಲ್ಲಿ ಸಕ್ರಿಯವಾಗಿ, ಅಲ್ಲಿನ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಂಡು, ಕರುಳನ್ನು ಹಾಳುಮಾಡುತ್ತದೆ. ಮನುಷ್ಯನ ಜಠರವು ಆಮ್ಲೀಯವಾದದ್ದು; ಆ ಗ್ರಾಹಕಗಳೂ ನಮ್ಮಲ್ಲಿಲ್ಲ. ಈ ಬ್ಯಾಕ್ಟೀರಿಯವನ್ನು ಸಾವಯವ ಕೃಷಿಕರೂ ಸಿಂಪಡಣೆಯ ರೂಪದಲ್ಲಿ ಬಳಸುತ್ತಾರೆ. ಆ ಪ್ರೋಟೀನಿಗೆ ಕಾರಣವಾದ ವಂಶವಾಹಿಯನ್ನು ಬದನೆ ಗಿಡದೊಳಗೆ ಸೇರಿಸಿದಾಗ ದೊರೆತದ್ದೇ ಬಿಟಿ ಬದನೆ. ಅದನ್ನು ಮಹಿಕೋ ಕಂಪನಿಯು ಸಿದ್ಧಪಡಿಸಿತು. ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೂ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವೂ ಅದೇ ವಂಶವಾಹಿಯನ್ನು ಸ್ಥಳೀಯ ತಳಿಗಳಿಗೆ ತಂದವು. ಧಾರವಾಡದವರು ಆರಿಸಿದ ತಳಿಗಳಲ್ಲಿ ಕುಡಚಿ, ಮಾಳಾಪುರದ ಬದನೆಗಳ ಜೊತೆಗೆ ಉಡುಪಿಯ ಗುಳ್ಳವೂ ಇತ್ತು.

2009ರ ಅಕ್ಟೋಬರ್ 14ರಂದು ಕೇಂದ್ರದ ತಳಿ ತಂತ್ರಜ್ಞಾನ ಅನುಮೋದನಾ ಸಮಿತಿಯು ಬಿಟಿ ಬದನೆಗೆ ಒಪ್ಪಿಗೆ ನೀಡಿತು. ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಅವರು ಅದನ್ನು ಕೂಡಲೇ ಜಾರಿಗೊಳಿಸದೆ ಜನರ ಮಾತು ಕೇಳಲು ಹೊರಟರು. 2010ರ ಜನವರಿ 13ರಿಂದ ಫೆಬ್ರವರಿ 6ರ ವರೆಗೆ ಕೋಲ್ಕತ್ತ, ಭುವನೇಶ್ವರ, ಅಹಮದಾಬಾದ್, ನಾಗಪುರ, ಚಂಡೀಗಢ, ಹೈದರಾಬಾದ್, ಬೆಂಗಳೂರು ಹೀಗೆ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆಗಳು ನಡೆದವು. ಸುಮಾರು 8,000 ಮಂದಿ ಭಾಗವಹಿಸಿದರು. ರೈತರು, ವಿಜ್ಞಾನಿಗಳು, ಗ್ರಾಹಕರು, ವೈದ್ಯರು, ಬೀಜ ಕಂಪನಿಗಳವರು ಒಂದೇ ಸಭಾಂಗಣದಲ್ಲಿ ಮುಖಾಮುಖಿಯಾದರು. ಕೊನೆಯ ಸಭೆ ಬೆಂಗಳೂರಿನಲ್ಲಿ ನಡೆದ ಮೂರನೆಯ ದಿನ, ಫೆಬ್ರವರಿ 9ರಂದು, ಸಚಿವರು ಬಿಟಿ ಬದನೆಗೆ ತಾತ್ಕಾಲಿಕ ತಡೆ ಘೋಷಿಸಿದರು. ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ, ಕರ್ನಾಟಕವೂ ಸೇರಿದಂತೆ ಅನೇಕ ರಾಜ್ಯ ಸರ್ಕಾರಗಳು ಆತುರ ಬೇಡವೆನ್ನುತ್ತಿವೆ, ಜನರ ಭಾವನೆ ಪ್ರತಿಕೂಲವಾಗಿದೆ, ಸ್ವತಂತ್ರ ಪರೀಕ್ಷೆ ಇನ್ನಷ್ಟು ಬೇಕು, ಅವಸರಪಡುವಂಥ ತುರ್ತೂ ಇಲ್ಲ ಎಂಬುವು ಅವರು ಕೊಟ್ಟ ಮುಖ್ಯ ಕಾರಣಗಳು. ಆ ವರ್ಷವೇ ಅನುಮೋದನಾ ಸಮಿತಿಯ ಹೆಸರು ಮೌಲ್ಯಮಾಪನ ಸಮಿತಿ ಎಂದು ಬದಲಾಯಿತು. ತಡೆ ಇಂದಿಗೂ ತೆರವಾಗಿಲ್ಲ. ಇದೇ ಬದನೆಗೆ ನೆರೆಯ ಬಾಂಗ್ಲಾದೇಶವು 2013ರಲ್ಲಿ ಅನುಮತಿ ನೀಡಿ, 2014ರಲ್ಲಿ 20 ಮಂದಿ ರೈತರಿಂದ ಬೇಸಾಯವನ್ನು ಆರಂಭಿಸಿತು.

ಜನರ ಮಾತಿನಲ್ಲಿ ಅಡಗಿರುವ ಮೂರು ಪ್ರಶ್ನೆಗಳು

ಜನಾಭಿಪ್ರಾಯವೆಂಬುದು ಒಂದೇ ಧ್ವನಿಯಲ್ಲ. 1998ರ ಕೊನೆಯಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗಾರ್ಥ ಬೆಳೆದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟವರು ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರೈತ ಸಂಘದವರು. ಆದರೆ 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ದೇಶದ ಹತ್ತಿ ಬೆಳೆಗಾರರಲ್ಲಿ ಬಹುಪಾಲು ಮಂದಿ ಅದನ್ನೇ ಆರಿಸಿಕೊಂಡರು. 2019ರಲ್ಲಿ ಮಹಾರಾಷ್ಟ್ರದ ರೈತರ ಒಂದು ಗುಂಪು, ಅನುಮತಿಯಿಲ್ಲದ ಕುಲಾಂತರಿ ಬೀಜವನ್ನು ಬಹಿರಂಗವಾಗಿ ಬಿತ್ತಿ, ತಮಗೆ ಬೇಕಾದ ತಂತ್ರಜ್ಞಾನ ತಮಗೆ ಸಿಗಬೇಕೆಂದು ಸತ್ಯಾಗ್ರಹವನ್ನೇ ನಡೆಸಿತು. ‘ರೈತರು ಹೀಗೆ ಹೇಳುತ್ತಾರೆ’ ಎಂದು ಒಂದೇ ವಾಕ್ಯದಲ್ಲಿ ಹೇಳುವ ಪ್ರಸಂಗಿಯು ಅರ್ಧದಷ್ಟು ರೈತರನ್ನು ಮರೆತಿರುತ್ತಾನೆ.

ಈ ಹಲವು ಧ್ವನಿಗಳನ್ನು ಗಮನವಿಟ್ಟು ಕೇಳಿದರೆ ಅವುಗಳಲ್ಲಿ ಮೂರು ಬೇರೆಬೇರೆ ಪ್ರಶ್ನೆಗಳು ಹೆಣೆದುಕೊಂಡಿರುವುದು ಕಾಣುತ್ತದೆ.

ಮೊದಲನೆಯದು, ಇದನ್ನು ತಿಂದರೆ ದೇಹಕ್ಕೆ ಕೇಡಾಗುತ್ತದೆಯೇ ಎಂಬುದು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2019–20ರಲ್ಲಿ ಭಾರತವೂ ಸೇರಿದಂತೆ 20 ಕಡೆ ನಡೆಸಿದ ಸಮೀಕ್ಷೆಯ ಮಧ್ಯಾಂಕದಂತೆ, ಶೇ. 48 ಮಂದಿ ಕುಲಾಂತರಿ ಆಹಾರವು ಸುರಕ್ಷಿತವಲ್ಲವೆಂದರು, ಶೇ. 13 ಮಂದಿ ಮಾತ್ರ ಸುರಕ್ಷಿತವೆಂದರು, ಶೇ. 37 ಮಂದಿ ತಮಗೆ ಸಾಕಷ್ಟು ತಿಳಿಯದೆಂದರು. ವಿಜ್ಞಾನಿಗಳ ಅಭಿಪ್ರಾಯ ಇದಕ್ಕೆ ಬಹುದೂರ. ಅದೇ ಕೇಂದ್ರವು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅಮೆರಿಕದ ವಿಜ್ಞಾನ ಸಂಘವೊಂದರ ಸದಸ್ಯರಲ್ಲಿ ಶೇ. 88 ಮಂದಿ ಈ ಆಹಾರ ಸುರಕ್ಷಿತವೆಂದರೆ ಅಲ್ಲಿನ ಸಾಮಾನ್ಯ ಜನರಲ್ಲಿ ಹಾಗೆಂದವರು ಶೇ. 37 ಮಾತ್ರ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2016ರ ವರದಿಯೂ, ಮಾರುಕಟ್ಟೆಯಲ್ಲಿರುವ ಕುಲಾಂತರಿ ಬೆಳೆಗಳು ಸಾಂಪ್ರದಾಯಿಕ ಬೆಳೆಗಳಿಗಿಂತ ಮನುಷ್ಯನ ಆರೋಗ್ಯಕ್ಕೆ ಹೆಚ್ಚು ಅಪಾಯಕಾರಿ ಎಂಬುದಕ್ಕೆ ದೃಢಪಟ್ಟ ಸಾಕ್ಷ್ಯ ಕಂಡುಬಂದಿಲ್ಲವೆಂದು ಹೇಳಿತು. ಪ್ರತಿಯೊಂದು ಬೆಳೆಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕೆಂಬ ಮಾತು ಇದರಿಂದ ಬಿದ್ದುಹೋಗುವುದಿಲ್ಲ. ಆದರೆ ‘ತಿಂದವರಿಗೆ ಕಾಯಿಲೆ ಖಚಿತ’ ಎಂಬಂಥ ಮಾತಿಗೆ ಆಧಾರವಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಎರಡನೆಯದು, ಬೀಜ ಯಾರದು ಎಂಬುದು. ಪ್ರತಿ ವರ್ಷ ಅಂಗಡಿಗೆ ಹೋಗಿ ಬೀಜ ಕೊಳ್ಳಬೇಕಾಗುವುದೇ? ಅಜ್ಜಿ ಬೂದಿಯಲ್ಲಿ ಹೊರಳಿಸಿ ಕಾಪಾಡಿಟ್ಟ ತಳಿ ಇನ್ನೊಬ್ಬರ ಸ್ವತ್ತಾಗುವುದೇ? ಬಿಟಿ ಬದನೆಗಾಗಿ ಕರ್ನಾಟಕದ ತಳಿಗಳನ್ನು ಬಳಸುವಾಗ 2002ರ ಜೀವವೈವಿಧ್ಯ ಕಾಯ್ದೆ ಬಯಸುವ ಅನುಮತಿಯನ್ನು ಪಡೆದಿಲ್ಲವೆಂಬ ದೂರು 2010ರಲ್ಲಿ ರಾಜ್ಯದ ಜೀವವೈವಿಧ್ಯ ಮಂಡಳಿಯ ಮುಂದೆ ಬಂದಾಗ ಈ ಪ್ರಶ್ನೆಗೆ ಕಾನೂನಿನ ರೂಪವೂ ಬಂದಿತು. ಇಲ್ಲಿಯೂ ನ್ಯಾಯವಾಗಿ ಮಾತನಾಡಬೇಕು. ಧಾರವಾಡದಲ್ಲಿ ಸಿದ್ಧವಾದವು ಸಂಕರ ತಳಿಗಳಲ್ಲ. ರೈತರು ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದಾದಂಥವು. ಇತ್ತ ಬೀಜ ಉಳಿಸುವ ಹಕ್ಕನ್ನು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯು ನಮ್ಮ ರೈತರಿಗೆ ನೀಡಿದೆ. ಅತ್ತ ಹತ್ತಿಯ ಬೀಜ ಪೂರ್ತಿಯಾಗಿ ಅಂಗಡಿಯ ಸರಕಾದುದನ್ನು ಕಣ್ಣಾರೆ ಕಂಡ ರೈತನ ಅಂಜಿಕೆಯೂ ನಿರಾಧಾರವಲ್ಲ.

ಮೂರನೆಯದು, ತಪ್ಪಾದರೆ ಉತ್ತರ ಕೊಡುವವರು ಯಾರು ಎಂಬುದು. ಪರೀಕ್ಷೆ ಮಾಡಿದವರೂ ಮಾರುವವರೂ ಒಬ್ಬರೇ ಆದರೆ ಪರೀಕ್ಷೆಯ ಫಲಿತಾಂಶವನ್ನು ನಂಬುವುದು ಹೇಗೆ? ಹತ್ತಿಯಲ್ಲಿ ಗುಲಾಬಿ ಕಾಯಿಕೊರಕವು ಬಿಟಿ ಪ್ರೋಟೀನಿಗೆ ನಿರೋಧಶಕ್ತಿ ಬೆಳೆಸಿಕೊಂಡಾಗ ನಷ್ಟವನ್ನು ಹೊತ್ತವನು ಬೆಳೆಗಾರನೇ. ಪೊಟ್ಟಣದ ಮೇಲೆ ಏನು ಬರೆದಿದೆಯೆಂದು ಓದಲಾರದ ಗ್ರಾಹಕಳ ಸ್ಥಿತಿ ಏನು? ಕುಲಾಂತರಿ ಆಹಾರದ ಪೊಟ್ಟಣದ ಮೇಲೆ ಅದನ್ನು ಸೂಚಿಸುವ ಅಕ್ಷರಗಳು ಇರಬೇಕೆಂಬ ನಿಯಮವು 2013ರ ಜನವರಿ 1ರಿಂದ ಜಾರಿಗೆ ಬಂದಿದೆ. ಆದರೆ ಬಿಟಿ ಹತ್ತಿಯ ಬೀಜದಿಂದ ತೆಗೆದ ಅಡುಗೆ ಎಣ್ಣೆಯನ್ನು ನಮ್ಮ ದೇಶದವರು ವರ್ಷಗಳಿಂದ ಬಳಸುತ್ತಿದ್ದಾರೆಂಬುದು ಬಹಳ ಮಂದಿಗೆ ತಿಳಿಯದು.

ಏಳು ನಗರಗಳಲ್ಲಿ ಕೇಳಿಬಂದ ವಿರೋಧದಲ್ಲಿ ಈ ಮೂರೂ ಬೆರೆತಿದ್ದವು. ವಿಜ್ಞಾನಿಗಳು ಬಹುಮಟ್ಟಿಗೆ ಮೊದಲ ಪ್ರಶ್ನೆಗೆ ಉತ್ತರಿಸುತ್ತಿದ್ದರು. ಜನರು ಎರಡನೆಯದನ್ನೂ ಮೂರನೆಯದನ್ನೂ ಕೇಳುತ್ತಿದ್ದರು. ವಂಶವಾಹಿಯ ಕುರಿತ ಉತ್ತರವು ಎಷ್ಟೇ ನಿಖರವಾಗಿದ್ದರೂ ಅದು ನಂಬಿಕೆಯ ಕುರಿತ ಪ್ರಶ್ನೆಗೆ ಉತ್ತರವಾಗಲಾರದು.

ಯೆರೂಸಲೇಮಿನ ಗುಣುಗುಟ್ಟುವಿಕೆ

ಆದಿಸಭೆಯ ಚರಿತ್ರೆಯಲ್ಲಿ ಮೊದಲ ಆಂತರಿಕ ಅಸಮಾಧಾನವು ಎದ್ದದ್ದು ಅನ್ನದ ವಿಷಯದಲ್ಲೇ ಎಂಬುದನ್ನು ನಾವು ಮರೆಯಬಾರದು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ, ಗ್ರೀಕ್ ಭಾಷೆಯನ್ನಾಡುವ ಯೆಹೂದ್ಯರು ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಗುಣುಗುಟ್ಟಿದರು. ಆ ದೂರು ರೊಟ್ಟಿಯ ಗುಣದ ಬಗ್ಗೆ ಇರಲಿಲ್ಲ. ರೊಟ್ಟಿ ಹಂಚುವ ಕೈಗಳ ಬಗ್ಗೆ ಇತ್ತು.

ಅಪೊಸ್ತಲರು ಏನು ಮಾಡಿದರೆಂಬುದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ದೂರಿದವರಿಗೆ ತಿಳಿವಳಿಕೆ ಸಾಲದೆಂದು ಅವರು ಹೇಳಲಿಲ್ಲ. ಗುಣುಗುಟ್ಟುವುದು ಪಾಪವೆಂದು ಅರಣ್ಯದ ಇಸ್ರಾಯೇಲ್ಯರ ಉದಾಹರಣೆ ಕೊಟ್ಟು ಬಾಯಿ ಮುಚ್ಚಿಸಲೂ ಇಲ್ಲ. ಇಡೀ ಶಿಷ್ಯಸಮೂಹವನ್ನು ಒಟ್ಟಿಗೆ ಕರೆದರು. ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಜನರೇ ಆರಿಸಲೆಂದು ಬಿಟ್ಟರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಅಂದರೆ ಹಂಚುವ ಹೊಣೆಯು ದೂರಿದವರ ಕಡೆಯವರ ಕೈಗೇ ಹೋಯಿತು. ಅಂಥ ಬದಲಾವಣೆಯಾದ ಮೇಲೆ ದೇವರ ವಾಕ್ಯವು ಹರಡಿತೆಂದು ಲೂಕನು ಬರೆಯುತ್ತಾನೆ. ಹಂಚಿಕೆಯ ನ್ಯಾಯವೂ ಸುವಾರ್ತೆಯ ಬೆಳವಣಿಗೆಯೂ ಅವನಿಗೆ ಬೇರೆಬೇರೆ ವಿಷಯಗಳಲ್ಲ.

ಜನಾಭಿಪ್ರಾಯದ ಕುರಿತ ಕ್ರೈಸ್ತ ದೃಷ್ಟಿಗೆ ಇದು ಆಧಾರವಾಗಬಲ್ಲದೆಂದು ನಾವು ಭಾವಿಸುತ್ತೇವೆ. ಜನರ ಗುಣುಗುಟ್ಟುವಿಕೆಯು ದೇವರ ಧ್ವನಿಯೆಂದು ಶಾಸ್ತ್ರ ಹೇಳುವುದಿಲ್ಲ. ಅಜ್ಞಾನವೆಂದು ತಳ್ಳಿಹಾಕುವುದೂ ಇಲ್ಲ. ಅದು ಒಂದು ಸಾಕ್ಷ್ಯ. ಹಂಚಿಕೆಯ ವ್ಯವಸ್ಥೆಯಲ್ಲಿ ಎಲ್ಲೋ ನಂಬಿಕೆ ಮುರಿದಿದೆಯೆಂದು ಅದು ತಿಳಿಸುತ್ತದೆ. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಎಂಬ ವಿಶ್ವಪತ್ರವೂ ಇದೇ ದಿಕ್ಕಿನಲ್ಲಿ ಸಾಗುತ್ತದೆ. ಕುಲಾಂತರಿಗಳ ಬಗ್ಗೆ ಸಾರಾಸಗಟಾದ ತೀರ್ಪು ಕಷ್ಟವೆಂದು ಒಪ್ಪಿಕೊಂಡು, ಭೂಮಿ ಕೆಲವರ ಕೈಯಲ್ಲಿ ಸೇರುವುದರ ಕುರಿತು ಎಚ್ಚರಿಸಿ, ಬಾಧಿತರೆಲ್ಲರಿಗೂ ಮಾತನಾಡಲು ಅವಕಾಶವಿರುವ ವಿಸ್ತಾರವಾದ ಚರ್ಚೆಯನ್ನು ಅದು ಬಯಸುತ್ತದೆ.

‘ಕುಲ’ ಎಂಬ ಮಾತಿನ ಭಾರ

ನಮ್ಮ ಭಾಷೆಯಲ್ಲಿ ಈ ಬೆಳೆಗಳಿಗೆ ‘ಕುಲಾಂತರಿ’ ಎಂಬ ಹೆಸರು ನಿಂತಿದೆ. ಅರ್ಥವತ್ತಾದ ಹೆಸರೇ ಹೌದು. ಒಂದು ಜೀವಿಕುಲದ ಗುಣ ಇನ್ನೊಂದು ಕುಲಕ್ಕೆ ದಾಟಿದೆಯೆಂದು ಅದು ಹೇಳುತ್ತದೆ. ಆದರೆ ‘ಕುಲ’ವೆಂಬ ಪದವು ಕನ್ನಡದಲ್ಲಿ ಕೇವಲ ಜೀವಶಾಸ್ತ್ರದ ಪದವಲ್ಲ. ಕುಲಗೆಡುವುದು, ಬೆರೆಯುವುದು, ಮೈಲಿಗೆಯಾಗುವುದು ಎಂಬ ಭಯಗಳೆಲ್ಲ ಅದರ ಹಿಂದೆ ಸಾಲುಗಟ್ಟಿ ಬರುತ್ತವೆ. ಬೇರೆಬೇರೆ ಬೀಜಗಳನ್ನು ಬೆರೆಸಿ ಬಿತ್ತಬಾರದೆಂಬ ಯಾಜಕಕಾಂಡ 19:19ರ ವಿಧಿಯನ್ನು ಎತ್ತಿಕೊಂಡು, ಕುಲಾಂತರಿಯನ್ನು ಅಶುದ್ಧವೆಂದು ಸಾರುವ ಪ್ರಸಂಗಗಳು ಸುಲಭವಾಗಿ ಹುಟ್ಟುವುದು ಇದೇ ಕಾರಣದಿಂದ.

ಇಲ್ಲಿ ನಾವು ಎಚ್ಚರಿಕೆಯಿಂದಿರಬೇಕು. ಅದೇ ವಚನವು ಎರಡು ಬಗೆಯ ನೂಲಿನ ಬಟ್ಟೆಯನ್ನೂ ನಿಷೇಧಿಸುತ್ತದೆ. ಅದನ್ನು ನಾವು ಯಾರೂ ಪಾಲಿಸುತ್ತಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಬೆರೆಯುವುದೇ ದೋಷವೆಂಬ ವಾದದಿಂದ ಶತಮಾನಗಳ ಕಾಲ ಊರಾಚೆ ಇಡಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು ನಮ್ಮ ಸಭೆಗಳ ಪೀಠಗಳಲ್ಲಿ ಕುಳಿತಿದ್ದಾರೆ. ಯೊಪ್ಪದಲ್ಲಿ ಪೇತ್ರನಿಗೆ ಆದ ದರ್ಶನವು ಶುದ್ಧಾಶುದ್ಧಗಳ ಗೆರೆಯನ್ನು ಆಹಾರದಲ್ಲಿ ಅಳಿಸಿ, ಆ ಮೂಲಕ ಮನುಷ್ಯರ ನಡುವಣ ಗೆರೆಯನ್ನೂ ಅಳಿಸಿತು. ಆ ದರ್ಶನದಿಂದ ಹುಟ್ಟಿದ ಸಭೆಯು ಬೀಜದ ವಿಷಯದಲ್ಲಿ ಕುಲಶುದ್ಧಿಯ ಭಾಷೆಯನ್ನು ಮತ್ತೆ ಕೈಗೆತ್ತಿಕೊಳ್ಳುವುದು ತನ್ನ ಬೇರನ್ನೇ ತಾನು ಕಡಿದುಕೊಂಡಂತೆ. ಕುಲಾಂತರಿ ಬೆಳೆಯನ್ನು ವಿರೋಧಿಸಲು ನ್ಯಾಯವಾದ ಕಾರಣಗಳಿರಬಹುದು. ಬೆರೆತದ್ದು ಎಂಬುದೊಂದೇ ಆ ಕಾರಣವಾಗಲಾರದು.

ಕೊರಿಂಥದ ಸಂತೆ ಮತ್ತು ಉಡುಪಿಯ ಗುಳ್ಳ

ಹಾಗಾದರೆ ವೈಜ್ಞಾನಿಕ ಆಧಾರವಿಲ್ಲದ ಅಂಜಿಕೆಗೆ ಬೆಲೆಯೇ ಇಲ್ಲವೇ? ಈ ಪ್ರಶ್ನೆಗೆ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8 ಮತ್ತು 10ನೆಯ ಅಧ್ಯಾಯಗಳು ಬೆಳಕು ನೀಡುತ್ತವೆ. ವಿಗ್ರಹಕ್ಕೆ ಅರ್ಪಿಸಿದ ಮಾಂಸದಿಂದ ಯಾವ ಕೇಡೂ ಆಗದೆಂದು ತಿಳಿದ ‘ಜ್ಞಾನಿ’ಗಳು ಅಲ್ಲಿದ್ದರು. ತಿಳಿವಳಿಕೆಯ ಮಟ್ಟಿಗೆ ಅವರೇ ಸರಿಯೆಂದು ಪೌಲನೂ ಒಪ್ಪುತ್ತಾನೆ. ಕಟುಕರ ಅಂಗಡಿಯಲ್ಲಿ ಮಾರುವುದನ್ನು ಪ್ರಶ್ನಿಸದೆ ಕೊಂಡು ತಿನ್ನಬಹುದೆಂದೂ ಹೇಳುತ್ತಾನೆ. ಆದರೆ ಪಕ್ಕದಲ್ಲಿ ಕುಳಿತವನು ಇದು ಇಂಥದ್ದೆಂದು ಹೇಳಿದ ಕ್ಷಣ ವಿಷಯ ಬದಲಾಗುತ್ತದೆ. ಆಗ ತಿನ್ನದಿರುವುದೇ ಮೇಲು. ತನ್ನ ಮನಸ್ಸಾಕ್ಷಿಗಾಗಿ ಅಲ್ಲ, ಆ ಇನ್ನೊಬ್ಬನ ಮನಸ್ಸಾಕ್ಷಿಗಾಗಿ. ಜ್ಞಾನವು ಉಬ್ಬಿಸುತ್ತದೆ, ಪ್ರೀತಿಯು ಕಟ್ಟುತ್ತದೆ ಎಂಬುದು ಅವನ ವಾದದ ಸಾರ.

ಇದರಲ್ಲಿ ನಮ್ಮ ಕಾಲಕ್ಕೆ ಎರಡು ಪಾಠಗಳಿವೆ. ಒಂದು, ಪೌಲನು ಮಾಂಸದ ಬಗ್ಗೆ ಸುಳ್ಳು ಹೇಳಿ ದುರ್ಬಲರನ್ನು ಸಂತೈಸುವುದಿಲ್ಲ. ಅದು ಹಾನಿಕರವೆಂಬ ಅವರ ನಂಬಿಕೆಯನ್ನು ಅವನು ದೃಢಪಡಿಸುವುದಿಲ್ಲ. ಎರಡು, ಅದು ಹಾನಿಕರವಲ್ಲವೆಂಬ ಕಾರಣಕ್ಕೆ ಅವರಿಗೆ ಒತ್ತಾಯದಿಂದ ತಿನ್ನಿಸುವುದನ್ನೂ ಅವನು ಒಪ್ಪುವುದಿಲ್ಲ. ಸತ್ಯ ಹೇಳುವುದು ಒಂದು ಕರ್ತವ್ಯ. ಆಯ್ಕೆಯನ್ನು ಉಳಿಸುವುದು ಇನ್ನೊಂದು. ಪೊಟ್ಟಣದ ಮೇಲಿನ ಆ ಎರಡು ಅಕ್ಷರಗಳ ಗುರುತು ಅಥವಾ ಸಂತೆಯಲ್ಲಿ ಕುಲಾಂತರಿಯಲ್ಲದ ಬದನೆ ಬೇರೆಯಾಗಿ ದೊರೆಯುವ ವ್ಯವಸ್ಥೆ ಕೇವಲ ವ್ಯಾಪಾರದ ನಿಯಮಗಳಾಗಿರದೆ, ನೆರೆಯವನ ಮನಸ್ಸಾಕ್ಷಿಗೆ ಸಲ್ಲಿಸುವ ಗೌರವವೂ ಆಗಿವೆ.

ಆ ನೆರೆಯವನು ನಮ್ಮ ಸಭೆಯವನೇ ಆಗಿರಬೇಕೆಂದಿಲ್ಲ. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳವನ್ನೇ ನೋಡೋಣ. ಅದರ ಬೀಜವನ್ನು ಸೋದೆಯ ವಾದಿರಾಜರು ಊರವರಿಗೆ ಕೊಟ್ಟರೆಂಬ ಐತಿಹ್ಯ ಆ ಭಾಗದಲ್ಲಿ ಮನೆಮನೆಯ ಮಾತು. ಅಲ್ಲಿಯವರಿಗೆ ಅದು ಸಾಂಬಾರಿನ ತರಕಾರಿ ಮಾತ್ರವಲ್ಲ, ಪ್ರಸಾದದ ನೆನಪೂ ಹೌದು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಅಂಥ ತಳಿಯೊಳಗೆ ಹೊಸ ವಂಶವಾಹಿ ಸೇರುವುದೆಂದಾಗ ಕರಾವಳಿಯ ಬೆಳೆಗಾರನು ಕಳವಳಗೊಂಡರೆ, ಪ್ರೋಟೀನಿನ ರಚನೆಯನ್ನು ವಿವರಿಸಿ ಆ ಕಳವಳವನ್ನು ನಿವಾರಿಸಲಾಗದು. ಅದು ಕಾಣಿಕೆಯ ಕುರಿತ, ಪರಂಪರೆಯ ಕುರಿತ ಕಳವಳ. ಮತ್ತೊಬ್ಬರ ನಂಬಿಕೆಯಲ್ಲಿ ಬೇರುಬಿಟ್ಟ ಕಳವಳವನ್ನೂ ಗೌರವದಿಂದ ಆಲಿಸಲು ಪೌಲನ ಮಾತು ನಮ್ಮನ್ನು ಕರೆಯುತ್ತದೆ.

ಬಹುಮತವೂ ಸುಳ್ಳುಸಾಕ್ಷಿಯೂ

ಆಲಿಸುವುದೆಂದರೆ ತಲೆಯಾಡಿಸುವುದಲ್ಲ. ವಿಮೋಚನಕಾಂಡದ 23ನೆಯ ಅಧ್ಯಾಯದ ಆರಂಭದಲ್ಲಿ ಎರಡು ಆಜ್ಞೆಗಳು ಒಂದರ ಪಕ್ಕ ಒಂದು ನಿಂತಿವೆ: ಸುಳ್ಳು ಸುದ್ದಿಯನ್ನು ಹಬ್ಬಿಸಬಾರದು, ಬಹುಮಂದಿ ತಪ್ಪುದಾರಿ ಹಿಡಿದರೆಂದು ಅವರ ಹಿಂದೆ ಹೋಗಬಾರದು. ಹಬ್ಬಿದ ಸುದ್ದಿಯಿಂದಲೇ ಬಹುಮತ ಹುಟ್ಟುತ್ತದೆಂಬುದನ್ನು ಧರ್ಮಶಾಸ್ತ್ರವು ಬಲ್ಲದು.

2019ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಕುಲಾಂತರಿ ಆಹಾರವನ್ನು ಅತ್ಯಂತ ತೀವ್ರವಾಗಿ ವಿರೋಧಿಸುವವರು ವಂಶವಾಹಿಶಾಸ್ತ್ರದ ಪರೀಕ್ಷೆಯಲ್ಲಿ ಅತ್ಯಂತ ಹಿಂದಿದ್ದರೂ ತಮಗೆ ಎಲ್ಲರಿಗಿಂತ ಹೆಚ್ಚು ತಿಳಿದಿದೆಯೆಂದು ಭಾವಿಸಿದ್ದುದು ಕಂಡುಬಂದಿತು. ಇದನ್ನು ಓದಿ ಜನಸಾಮಾನ್ಯರನ್ನು ನಗುವುದು ಸುಲಭ. ನಮ್ಮನ್ನೇ ಪರೀಕ್ಷಿಸಿಕೊಳ್ಳುವುದು ಹೆಚ್ಚು ಉಪಯುಕ್ತ. ಮೊಬೈಲಿನಲ್ಲಿ ಬಂದ ಒಂದು ಚಿತ್ರ, ಯಾರೋ ಹೇಳಿದ ಒಂದು ಕಥೆ, ಕುಲಾಂತರಿ ತಿಂದವರಿಗೆ ಮಕ್ಕಳಾಗುವುದಿಲ್ಲವೆಂಬ ಒಂದು ಮಾತು ಪರಿಶೀಲನೆಯಿಲ್ಲದೆ ಪ್ರಸಂಗಪೀಠವನ್ನು ಏರಿದರೆ, ಅದಕ್ಕೆ ದೇವರ ವಾಕ್ಯದ ಅಧಿಕಾರ ಅಂಟಿಕೊಂಡುಬಿಡುತ್ತದೆ. ಕೇಳಿದ ತಾಯಿ ಮನೆಯಲ್ಲಿ ಭಯದಿಂದ ಅಡುಗೆ ಮಾಡುತ್ತಾಳೆ. ಆ ಭಯಕ್ಕೆ ನಾವು ಉತ್ತರ ಕೊಡಬೇಕಾದೀತು. ಹಾಗೆಯೇ, ಈ ತಂತ್ರಜ್ಞಾನ ಬಂದರೆ ಹಸಿವೇ ಅಳಿಯುತ್ತದೆಂದು ಹೊಗಳುವ ಮಾತೂ ಸುಳ್ಳುಸಾಕ್ಷಿಗೆ ಹತ್ತಿರವಾದದ್ದೇ. ಕಣಜ ತುಂಬಿದ ಊರಿನಲ್ಲೂ ಕೊಳ್ಳಲು ಹಣವಿಲ್ಲದವನು ಹಸಿದೇ ಮಲಗುತ್ತಾನೆಂಬುದನ್ನು ಕಾಣಲು ನಮ್ಮ ಸಭಾಪಾಲಕರಿಗೆ ಸಮೀಕ್ಷೆ ಬೇಕಿಲ್ಲ.

ಮೊದಲು ವಾದಿಸಿದವನು ನ್ಯಾಯವಂತನಂತೆ ತೋರುತ್ತಾನೆ, ಪ್ರತಿವಾದಿ ಬಂದು ಪರೀಕ್ಷಿಸುವ ವರೆಗೆ ಮಾತ್ರ ಎಂಬ ಅರ್ಥದ ಜ್ಞಾನೋಕ್ತಿಯ (18:17) ವಿವೇಕವು ಇಲ್ಲಿ ನಮಗೆ ದಾರಿದೀಪ. ಏಳು ನಗರಗಳ ಸಮಾಲೋಚನೆಯು ಗದ್ದಲದಿಂದ ಕೂಡಿದ್ದರೂ, ಇಬ್ಬರನ್ನೂ ಕೇಳುವ ಪ್ರಯತ್ನವೆಂಬ ಕಾರಣಕ್ಕೆ ನೆನಪಿಡತಕ್ಕದ್ದು.

ಮತ್ತೆ ಬರುತ್ತಿರುವ ಪ್ರಶ್ನೆ

ಈ ವಿಷಯ ಮುಗಿದ ಅಧ್ಯಾಯವಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕುಲಾಂತರಿ ಸಾಸಿವೆ ಡಿಎಂಎಚ್-11ಕ್ಕೆ ಮೌಲ್ಯಮಾಪನ ಸಮಿತಿಯು 2022ರ ಅಕ್ಟೋಬರಿನಲ್ಲಿ ಶಿಫಾರಸು ನೀಡಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಬಿ. ವಿ. ನಾಗರತ್ನ ಅವರು ಆ ಪ್ರಕ್ರಿಯೆಯನ್ನು ದೋಷಪೂರ್ಣವೆಂದರು. ಸಂಜಯ್ ಕರೋಲ್ ಅವರು ಅದನ್ನು ಎತ್ತಿಹಿಡಿದರು. ಆದರೆ ಸಂಬಂಧಪಟ್ಟವರೆಲ್ಲರನ್ನೂ ಕೇಳಿ ಕೇಂದ್ರ ಸರ್ಕಾರವು ರಾಷ್ಟ್ರೀಯ ನೀತಿಯೊಂದನ್ನು ರೂಪಿಸಬೇಕೆಂಬುದರಲ್ಲಿ ಇಬ್ಬರೂ ಒಂದಾದರು. ಬೆಳೆಯ ವಿಷಯದಲ್ಲಿ ಭಿನ್ನಮತ, ಆಲಿಸುವ ವಿಷಯದಲ್ಲಿ ಒಮ್ಮತ! 2025ರ ಮೇ ತಿಂಗಳಲ್ಲಿ ವಂಶವಾಹಿಯನ್ನು ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ಇವುಗಳಲ್ಲಿ ಬೇರೆ ಜೀವಿಯ ವಂಶವಾಹಿ ಇಲ್ಲ. ಭತ್ತದ್ದೇ ವಂಶವಾಹಿಯಲ್ಲಿ ತಿದ್ದುಪಡಿಯಾಗಿದೆ. ಈ ವ್ಯತ್ಯಾಸವನ್ನು ತಿಳಿಯದೆ ಎರಡನ್ನೂ ಒಂದೇ ಮಾತಿನಲ್ಲಿ ಹೊಗಳುವುದಾಗಲಿ ತೆಗಳುವುದಾಗಲಿ ಸಲ್ಲದು. ಬದನೆ ಬೇಡವೆನ್ನಬಹುದು, ಅನ್ನದ ತಟ್ಟೆಗೆ ಬರುವ ಪ್ರಶ್ನೆಯಿಂದ ಯಾವ ಮನೆಯೂ ತಪ್ಪಿಸಿಕೊಳ್ಳಲಾರದು.

ಆದ್ದರಿಂದ ಮುಂದೆ ಸಭಾಪಾಲಕರಾಗಲಿರುವವರಿಗೆ ನಾವು ಮೂರು ಮಾತುಗಳನ್ನು ಹೇಳಬಯಸುತ್ತೇವೆ. ಸಭೆಯವರೊಬ್ಬರು ಕುಲಾಂತರಿ ಆಹಾರದ ಬಗ್ಗೆ ಕೇಳಿದಾಗ, ಉತ್ತರಿಸುವ ಮೊದಲು ಅವರ ಪ್ರಶ್ನೆ ದೇಹದ್ದೋ, ಬೀಜದ್ದೋ, ಹೊಣೆಗಾರಿಕೆಯದ್ದೋ ಎಂದು ವಿಚಾರಿಸಿ ತಿಳಿದುಕೊಳ್ಳಿರಿ. ದೇಹದ ಪ್ರಶ್ನೆಯಾದರೆ ಬಲ್ಲವರನ್ನು ಕೇಳಿ, ತಿಳಿದಷ್ಟನ್ನೇ ಹೇಳಿರಿ. ಕೃಷಿ ವಿಜ್ಞಾನಿಯೊಬ್ಬರನ್ನೂ ರೈತ ಸಂಘದವರೊಬ್ಬರನ್ನೂ ಒಂದೇ ಸಂಜೆ ಸಭಾಭವನಕ್ಕೆ ಕರೆಯುವುದು ಹತ್ತು ಪ್ರಸಂಗಗಳಿಗಿಂತ ಮೇಲು. ಬೀಜದ ಮತ್ತು ಹೊಣೆಗಾರಿಕೆಯ ಪ್ರಶ್ನೆಯಾದರೆ ಅಲ್ಲಿ ಸಭೆಗೆ ಮಾತನಾಡುವ ಹಕ್ಕೂ ಕರ್ತವ್ಯವೂ ಇದೆ. ಸಾಲ ಮಾಡಿ ಬೀಜ ಕೊಂಡವನ, ತೆನೆ ಹಾಯುವ ಬಡವಳ, ಪೊಟ್ಟಣ ಓದಲಾರದ ಅಜ್ಜಿಯ ಪರವಾಗಿ ಮಾತನಾಡಲು ಪ್ರವಾದಿಗಳೂ ಯೇಸುಸ್ವಾಮಿಯೂ ನಮಗೆ ಬೇಕಾದಷ್ಟು ಮಾತುಗಳನ್ನು ಕೊಟ್ಟಿದ್ದಾರೆ.

ಮುಂದಿನ ಸುಗ್ಗಿಯ ಹಬ್ಬದಲ್ಲಿ ವೇದಿಕೆಯ ಮುಂದೆ ಮತ್ತೆ ಬದನೆಗಳು ಬಂದು ಸೇರುತ್ತವೆ. ತಂದವರ ಮುಖವನ್ನು ಕೊಳ್ಳುವವರು ಬಲ್ಲರು. ಆ ಕಾರಣದಿಂದ ಅಲ್ಲಿ ಹರಾಜಿನ ಕೂಗಿನ ನಡುವೆಯೂ ಭಯವಿಲ್ಲ. ದೇಶದ ವಿಶಾಲವಾದ ಸಂತೆಯಲ್ಲಿಯೂ ಅನ್ನ ಕೊಡುವವನನ್ನು ಅನ್ನ ಉಣ್ಣುವವನು ಪ್ರಶ್ನಿಸಬಲ್ಲಂಥ, ಪ್ರಶ್ನಿಸಿದರೆ ಉತ್ತರ ಪಡೆಯಬಲ್ಲಂಥ ವ್ಯವಸ್ಥೆ ಬರುವ ವರೆಗೆ ಜನರು ಗುಣುಗುಟ್ಟುತ್ತಲೇ ಇರುತ್ತಾರೆ. ಯೆರೂಸಲೇಮಿನಲ್ಲಿ ಅಪೊಸ್ತಲರು ಕಿವಿಗೊಟ್ಟಂತೆ ನಾವೂ ಕಿವಿಗೊಡೋಣ.